ಕೊಡಗಿನ ಕ್ರೈಮ್ ಕಾದಂಬರಿಗೆ ಎಂಥ ಪತ್ತೇದಾರ ಬೇಕು?

ಕೊಡಗಿನಲ್ಲಿ ನಡೆಯುವ ಒಂದು ಕ್ರೈಮ್ ಕಾದಂಬರಿ ಬರೆಯಬೇಕು ಅಂತ ಹೊರಟವರು ಮೊದಲು ಕೊಲೆಯನ್ನು ಹುಡುಕುತ್ತಾರೆ. ಮಂಜು, ಮಳೆ, ಕಾಫಿ ತೋಟ, ಗೋಡೆಗೆ ತೂಗು ಹಾಕಿದ ಕೋವಿ, ಎಲ್ಲ ರೆಡಿ ಇದೆ. ಪತ್ತೇದಾರ ಕೊನೆಗೆ ಬರುತ್ತಾನೆ. ಅದೂ ಬೆಂಗಳೂರಿನಿಂದ, ರಾತ್ರಿ ಬಸ್ಸಿನಲ್ಲಿ. ಮುರಿದ ಮದುವೆ, ಜಾಸ್ತಿ ಕುಡಿತ, ಕಡಿಮೆ ಮಾತು. ಇಷ್ಟು ಹಾಕಿದರೆ ಪಾತ್ರ ಗಟ್ಟಿಯಾಯಿತು ಅನ್ನುವ ನಂಬಿಕೆ.

ಆಗುವುದಿಲ್ಲ. ಕುಡಿತ ಒಂದು ಅಭ್ಯಾಸ, ಅಷ್ಟೇ. ಈಗಿನ ಓದುಗರನ್ನು ಹಿಡಿದು ಕೂರಿಸುವವನು ಬೇರೆ ಥರದವನು. ಪೂರ್ತಿ ಒಳ್ಳೆಯವನೂ ಅಲ್ಲ, ಕೆಟ್ಟವನೂ ಅಲ್ಲ. ಸತ್ಯ ಕೈಗೆ ಸಿಕ್ಕ ಮೇಲೆ ಅದನ್ನು ಏನು ಮಾಡಬೇಕು ಅಂತ ತಿಳಿಯದೆ ಒದ್ದಾಡುವವನು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿಕೊಂಡು ಬೆಳೆದವರಿಗೆ ಕಳ್ಳ ಸಿಕ್ಕಿಬಿದ್ದರೆ ಸಾಕಿತ್ತು. ಈಗ ಕಥೆ ಶುರುವಾಗುವುದೇ ಅಲ್ಲಿಂದ. ಡೆನಿಸ್ ಲೆಹೇನ್ ಅವರ 1998ರ ಕಾದಂಬರಿ 'ಗಾನ್, ಬೇಬಿ, ಗಾನ್' ತೆಗೆದುಕೊಳ್ಳಿ. (ಓದಿಲ್ಲದವರು ಮುಂದಿನ ಎರಡು ಸಾಲು ಬಿಟ್ಟುಬಿಡಿ.) ಕಳೆದುಹೋದ ಮಗು ಸಿಗುತ್ತದೆ, ಆದರೆ ಎತ್ತಿಕೊಂಡು ಹೋದವರ ಮನೆಯಲ್ಲೇ ಅದು ಸುಖವಾಗಿದೆ. ಹೆತ್ತ ತಾಯಿ ಅದನ್ನು ಸರಿಯಾಗಿ ನೋಡಿಕೊಳ್ಳದವಳು. ವಾಪಸ್ ಕೊಡಬೇಕೋ ಬೇಡವೋ ಅನ್ನುವುದರಲ್ಲೇ ಕಾದಂಬರಿಯ ಭಾರವೆಲ್ಲ ಇದೆ.

ಈ ಭಾರವನ್ನು ಕೊಡಗಿಗೆ ತರುವುದು ಹೇಗೆ? ಪತ್ತೇದಾರನನ್ನು ಆರಿಸುವಾಗ ಅವನ ಚಾಳಿ ನೋಡಬೇಡಿ, ಅವನು ಯಾರ ಹಂಗಿನಲ್ಲಿದ್ದಾನೆ ನೋಡಿ. 2011ರ ಜನಗಣತಿಯಲ್ಲಿ ಇಡೀ ಜಿಲ್ಲೆಯ ಜನಸಂಖ್ಯೆ 5.54 ಲಕ್ಷ. ಬೆಂಗಳೂರಿನ ಒಂದು ಚಿಕ್ಕ ಭಾಗಕ್ಕೆ ಸಮ. ಹೆಸರು ಹೇಳಿದರೆ ಸಾಲದು, ಮನೆ ಹೆಸರು ಹೇಳಬೇಕು. ಹೇಳಿದ ಕೂಡಲೇ ಎದುರಿನವರು ನಿಮ್ಮ ಅಜ್ಜಿಯ ತವರು ಮನೆಯವರೆಗೆ ಹೋಗಿ ಬರುತ್ತಾರೆ. ಇಂಥ ಕಡೆ ಸತ್ಯ ಹೇಳಿದವನು ನಾಳೆ ಅದೇ ಮದುವೆ ಮನೆಯಲ್ಲಿ, ಅದೇ ಹಾಕಿ ಮೈದಾನದಲ್ಲಿ ಅದೇ ಜನರ ಮುಖ ನೋಡಬೇಕು. 1997ರಿಂದ ನಡೆಯುತ್ತಿರುವ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಒಮ್ಮೆ ಹೋಗಿ ಬನ್ನಿ. ಪತ್ತೇದಾರ ಅಲ್ಲಿ ಸಿಕ್ಕಿಹಾಕಿಕೊಂಡರೆ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ.

ಒಂದೇ ಸಾವು, ಆರು ಜನ

ಹೋಲಿಸಲು ಸುಲಭವಾಗಲಿ ಅಂತ ಒಂದೇ ಕಥೆಯನ್ನು ಎಲ್ಲರ ಕೈಗೂ ಕೊಟ್ಟು ನೋಡೋಣ. ಇದು ಕಲ್ಪನೆಯದು.

ನಾಪೋಕ್ಲು ಕಡೆಯ ಒಂದು ತೋಟ. ರೋಬಸ್ಟಾ ಕೊಯ್ಲು ನಡೆಯುತ್ತಿರುವ ಜನವರಿ ತಿಂಗಳು. ಮಕ್ಕಳಿಲ್ಲದ, ಎಪ್ಪತ್ತು ದಾಟಿದ ಯಜಮಾನರು ಕಣದ ಪಕ್ಕದ ಗೋಡೌನಿನಲ್ಲಿ ಗುಂಡು ತಗುಲಿ ಸತ್ತಿದ್ದಾರೆ. ಕೋವಿ ಅವರದ್ದೇ. ಕ್ಲೀನ್ ಮಾಡುವಾಗ ಸಿಡಿಯಿತು ಅಂತ ಮನೆಯವರ ಹೇಳಿಕೆ. ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವು ಅಂತ ದಾಖಲು ಆಗಿದೆ. ಆಸ್ತಿ ಉಯಿಲಿನ ಪ್ರಕಾರ ತಮ್ಮನ ಮಗನಿಗೆ ಬರುತ್ತದೆ, ಅವನಿಗೆ ಕುತ್ತಿಗೆವರೆಗೆ ಸಾಲ. ಊರಿಗೆಲ್ಲ ಅವನ ಮೇಲೇ ಅನುಮಾನ. ನಿಜ ಬೇರೆ. ಗುಂಡು ಹಾರಿಸಿದ್ದು ಲೈನ್ ಮನೆಯ (ತೋಟದ ಆಳುಗಳಿರುವ ಸಾಲು ಮನೆಯ) ಹತ್ತೊಂಬತ್ತರ ಹುಡುಗಿ, ಮೈಮೇಲೆ ಬಂದ ಯಜಮಾನರಿಂದ ಬಿಡಿಸಿಕೊಳ್ಳಲು.

ಇನ್ನೊಂದು ವಿಷಯ. ಆ ಸಂಜೆ ಸುತ್ತಲಿನವರಿಗೆ ಕೇಳಿಸಿದ್ದು ಎರಡು ಗುಂಡು. ಯಾರೂ ಗಾಬರಿಯಾಗಲಿಲ್ಲ. ಸಾವಾದರೆ ಎರಡು ಗುಂಡು ಹೊಡೆದು ಊರಿಗೆ ತಿಳಿಸುವುದು ಕೊಡಗಿನ ಹಳೆಯ ಪದ್ಧತಿ. ಯಾರದೋ ಸಾವು ಅಂದುಕೊಂಡು ಪಕ್ಕದ ತೋಟದವರು ಶರ್ಟು ಬದಲಾಯಿಸಿಕೊಂಡು ಹೊರಟರು. ಬಂದು ನೋಡಿದರೆ ಮನೆಯವರಿಗೇ ಇನ್ನೂ ಸುದ್ದಿ ಗೊತ್ತಿಲ್ಲ! ಹಾಗಾದರೆ ಎರಡನೆಯ ಗುಂಡು ಹೊಡೆದವರು ಯಾರು?

ಕೋವಿಯ ಬಗ್ಗೆ ಹೊರಗಿನ ಓದುಗರಿಗೆ ಒಂದು ಮಾತು ಹೇಳಲೇಬೇಕಾಗುತ್ತದೆ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಜಮೀನಿನ ಹಿಡುವಳಿದಾರರಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಹಾಗಾಗಿ ಬೇರೆ ಊರಿನ ಕಾದಂಬರಿಯಲ್ಲಿ ಕೋವಿ ಎಲ್ಲಿಂದ ಬಂತು ಅನ್ನುವುದೇ ಒಂದು ಅಧ್ಯಾಯವಾದರೆ, ಇಲ್ಲಿ ಅದು ಪ್ರಶ್ನೆಯೇ ಅಲ್ಲ.

ಕಾನೂನು ಏನು ಕೊಡುತ್ತದೆ

ಖಾಸಗಿ ಪತ್ತೇದಾರರಿಗೆ ಲೈಸೆನ್ಸ್ ಕೊಡುವ ಕಾನೂನು ನಮ್ಮ ದೇಶದಲ್ಲಿಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ ಸೆಕ್ಯುರಿಟಿ ಗಾರ್ಡುಗಳದ್ದು. ಪತ್ತೇದಾರರಿಗೆ ಅಂತಲೇ 2007ರಲ್ಲಿ ಒಂದು ಮಸೂದೆ ರಾಜ್ಯಸಭೆಗೆ ಬಂತು, ಕಾಯ್ದೆಯಾಗಲಿಲ್ಲ. ಅಂದರೆ ಮಡಿಕೇರಿಯ ಬಸ್ ಸ್ಟ್ಯಾಂಡಿನ ಎದುರು ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಬೋರ್ಡ್ ಹಾಕಿದವನಿಗೆ ದಾರಿಹೋಕನಿಗಿಂತ ಒಂದು ಗುಲಗಂಜಿಯಷ್ಟೂ ಜಾಸ್ತಿ ಅಧಿಕಾರ ಬರುವುದಿಲ್ಲ.

ಕಾದಂಬರಿಕಾರನಿಗೆ ಇದು ಒಳ್ಳೆಯ ಸುದ್ದಿ. ನೆಟ್ಟಗೆ ಸಿಗುವುದು ಪಹಣಿ, ಋಣಭಾರ ಪತ್ರ, ಕೋರ್ಟಿನ ಕೇಸಿನ ಸ್ಥಿತಿ, ಮಾಹಿತಿ ಹಕ್ಕಿನ ಅರ್ಜಿ. ಇವಿಷ್ಟರಿಂದಲೇ ಜಮೀನಿನ ಕಥೆಯ ಅರ್ಧ ಬಿಚ್ಚಿಕೊಳ್ಳುತ್ತದೆ. ಮಿಕ್ಕಿದ್ದೆಲ್ಲ ಅಡ್ಡದಾರಿ. ಮೊಬೈಲ್ ಕರೆಗಳ ಪಟ್ಟಿ ತರಿಸುವುದು ಪೊಲೀಸರ ಕೆಲಸ, ಖಾಸಗಿಯವನು ದುಡ್ಡು ಕೊಟ್ಟು ತರಿಸಿದರೆ ಅಪರಾಧ. ಪೊಲೀಸ್ ಅಂತ ಸುಳ್ಳು ಹೇಳಿಕೊಂಡು ಮನೆಯೊಳಗೆ ಹೋದರೂ ಅಪರಾಧ. ಆದರೆ ಅಡ್ಡದಾರಿಯಲ್ಲಿ ಸಿಕ್ಕ ಸಾಕ್ಷ್ಯವನ್ನು ಅಷ್ಟಕ್ಕೇ ತಳ್ಳಿಹಾಕಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 1974ರಷ್ಟು ಹಿಂದೆಯೇ ಹೇಳಿದೆ. ಕದ್ದವನು ತಪ್ಪಿತಸ್ಥ, ಕದ್ದ ಕಾಗದ ಮಾತ್ರ ಕೋರ್ಟಿನಲ್ಲಿ ನಿಲ್ಲಬಹುದು. ಪತ್ತೇದಾರನ ಕೈ ಕೆಸರಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಇನ್ನೊಂದು ಕಾನೂನು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಕೊಲೆಯಂಥ ಅಪರಾಧ ನಡೆದದ್ದು ಗೊತ್ತಿದ್ದರೆ ಪೊಲೀಸರಿಗೆ ತಿಳಿಸಬೇಕಾದ್ದು ಪ್ರತಿಯೊಬ್ಬರ ಕರ್ತವ್ಯ. ಹಳೆಯ ಸಿಆರ್‌ಪಿಸಿಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ನಿಮ್ಮ ಪತ್ತೇದಾರ ಕೊನೆಗೆ 'ನನ್ನೊಳಗೇ ಇಟ್ಟುಕೊಳ್ಳುತ್ತೇನೆ' ಅಂತ ಸುಮ್ಮನಾದರೆ ಅದು ಬರೀ ಮನಸ್ಸಿನ ತೊಳಲಾಟವಲ್ಲ, ಕೇಸು ಆಗಬಹುದಾದ ಕೆಲಸ. ಈ ಹೆದರಿಕೆ ಪುಟದ ಮೇಲೆ ಕಾಣಬೇಕು.

ಬೆಂಗಳೂರಿನವನು, ಮಿಲಿಟರಿಯವನು

ಇಬ್ಬರನ್ನೂ ಬೇಗ ಮುಗಿಸುತ್ತೇನೆ.

ಬೆಂಗಳೂರಿನಿಂದ ಬರುವವನಿಗೆ ಇಲ್ಲಿ ಯಾರ ಹಂಗೂ ಇಲ್ಲ. ಅದೇ ಅವನ ದೋಷ. ಸತ್ಯ ಹೇಳಿ ಕುಶಾಲನಗರ ದಾಟಿದರೆ ಅವನ ಕಷ್ಟ ಮುಗಿಯಿತು. ಭಾಷೆಯೂ ಅವನಿಗೆ ಅಡ್ಡ. ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆಯಲ್ಲಿ) ಕೊಡವ ತಕ್ಕ್, ಪಕ್ಕದ ತೋಟದಲ್ಲಿ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ, ಲೈನ್ ಮನೆಯಲ್ಲಿ ಯರವರ ಮಾತು ಅಥವಾ ಅಸ್ಸಾಮಿನಿಂದ ಬಂದವರ ಹಿಂದಿ. ಅವನ ಹತ್ತಿರ ಎಲ್ಲರೂ ಮರ್ಯಾದೆಯ ಕನ್ನಡದಲ್ಲಿ ಮಾತಾಡುತ್ತಾರೆ, ಕಾಫಿ ಕೊಟ್ಟು ಕಳಿಸುತ್ತಾರೆ. ಎರಡು ಗುಂಡಿನ ವಿಷಯ ಕೇಳಿದರೂ ಅದರ ಅರ್ಥ ಅವನಿಗೆ ಹೊಳೆಯುವುದಿಲ್ಲ. ಪದ್ಧತಿಗಳನ್ನೆಲ್ಲ ಅವನಿಗೆ ವಿವರಿಸುವ ನೆಪದಲ್ಲಿ ಓದುಗರಿಗೆ ವಿವರಿಸಬಹುದು ಅನ್ನುವುದೊಂದೇ ಲಾಭ. ಅದಕ್ಕೆ ಅವನನ್ನು ಹೋಂಸ್ಟೇಗೆ ಬಂದ ಅತಿಥಿಯಾಗಿ ಇಟ್ಟುಕೊಂಡರೂ ಸಾಕು.

ನಿವೃತ್ತ ಸೈನಿಕ ಸುಲಭಕ್ಕೆ ಸಿಗುವ ಆಯ್ಕೆ. ಕಾರ್ಯಪ್ಪ, ತಿಮ್ಮಯ್ಯನವರ ನಾಡಿನಲ್ಲಿ ಸುಬೇದಾರರಿಲ್ಲದ ಊರೇ ಇಲ್ಲ. ಕೋವಿಯ ವಿಚಾರ ಅವನಿಗೆ ಚೆನ್ನಾಗಿ ಗೊತ್ತು. ತನ್ನ ಕೈಯಿಂದಲೇ ಸಿಡಿದ ಗುಂಡಿನ ಗಾಯ ಯಾವ ಕಡೆಯಿಂದ, ಎಷ್ಟು ಹತ್ತಿರದಿಂದ ಆಗುತ್ತದೆ ಅಂತ ಪೋಸ್ಟ್‌ಮಾರ್ಟಂ ವರದಿ ಬರುವ ಮೊದಲೇ ಹೇಳಬಲ್ಲ. ಆದರೆ ನಾವು ಬರೆಯುವ ಸೈನಿಕ ಯಾವಾಗಲೂ ನೇರ ಮನುಷ್ಯ ಆಗಿಬಿಡುತ್ತಾನೆ. ನೇರವಾಗಿ ಠಾಣೆಗೆ ಹೋಗುತ್ತಾನೆ, ಇಲ್ಲವೇ ತಾನೇ ಕೋವಿ ಹಿಡಿಯುತ್ತಾನೆ. ಎರಡರಲ್ಲೂ ತೊಳಲಾಟಕ್ಕೆ ಜಾಗವಿಲ್ಲ. ಪತ್ತೇದಾರನ ಪಕ್ಕದ ಮನೆಯವನಾಗಿ, ಸಂಜೆ ಎರಡು ಪೆಗ್ಗಿನ ಜೊತೆ ಗಾಯದ ವಿಷಯ ಹೇಳುವವನಾಗಿ ಅವನು ಚೆನ್ನ.

ನಿವೃತ್ತ ಹೆಡ್ ಕಾನ್ಸ್‌ಟೇಬಲ್

ಇನ್ಸ್‌ಪೆಕ್ಟರ್ ಬೇಡ, ಹೆಡ್ ಕಾನ್ಸ್‌ಟೇಬಲ್ ಇರಲಿ. ಅದರಲ್ಲೂ ವರ್ಷಗಟ್ಟಲೆ ಠಾಣೆ ರೈಟರ್ ಆಗಿದ್ದವನು. ಮಹಜರನ್ನು ಸ್ಥಳದಲ್ಲಿ ನಿಂತು ಬರೆದದ್ದೋ ಠಾಣೆಯಲ್ಲಿ ಕೂತು ಬರೆದದ್ದೋ ಅಂತ ಅವನು ಎರಡು ಸಾಲಿನಲ್ಲಿ ಕಂಡುಹಿಡಿಯುತ್ತಾನೆ. ಯುಡಿಆರ್ ಕೇಸು ಹೇಗೆ ಮುಚ್ಚಿಹೋಗುತ್ತದೆ ಅನ್ನುವುದೂ ಗೊತ್ತು. ಮನೆಯವರು ಅಕಸ್ಮಾತ್ ಅಂದರು, ಊರಿನ ದೊಡ್ಡವರು ತಲೆಯಾಡಿಸಿದರು, ಮೈಸೂರಿನ ಲ್ಯಾಬಿನಿಂದ ವರದಿ ಬರುವ ಹೊತ್ತಿಗೆ ಎಲ್ಲರೂ ಮರೆತಿದ್ದಾರೆ.

ಅವನು ಇರುವುದು ಇಲಾಖೆಯ ಹಂಗಿನಲ್ಲಿ. ನಮ್ಮ ಕಥೆಯಲ್ಲಿ ಯುಡಿಆರ್ ಬರೆದ ಎಸ್‌ಐ ಒಂದು ಕಾಲದಲ್ಲಿ ಇವನಿಂದಲೇ ಬರವಣಿಗೆ ಕಲಿತ ಹುಡುಗ ಅಂತ ಇಟ್ಟುಕೊಳ್ಳಿ. ಕೇಸು ಮತ್ತೆ ತೆರೆದರೆ ಆ ಹುಡುಗನ ಕೆಲಸಕ್ಕೆ ಕುತ್ತು. ಇದಕ್ಕೆ ಇನ್ನೊಂದು ಎಳೆ ಸೇರಿಸಬಹುದು: ಹಿಂದೊಮ್ಮೆ ಇದೇ ಯಜಮಾನರ ಮೇಲೆ ಬಂದಿದ್ದ ಇಂಥದ್ದೇ ದೂರನ್ನು ಇವನೇ ರಾಜಿ ಮಾಡಿಸಿ ಕಳಿಸಿದ್ದ. ಆಗ ಅದು ಒಳ್ಳೆಯ ಕೆಲಸ ಅನ್ನಿಸಿತ್ತು. ಈಗ ಆ ರಾಜಿಯ ಮುಂದಿನ ಕಂತು ಅವನ ಎದುರಿಗೆ ಬಂದು ನಿಂತಿದೆ.

ತೊಂದರೆ ಏನೆಂದರೆ, ಇವನಿಗೆ ಎಲ್ಲ ಸುಲಭವಾಗಿ ಸಿಗುತ್ತದೆ. ಒಂದು ಫೋನ್ ಮಾಡಿದರೆ ಹಳೆಯ ಸ್ನೇಹಿತ ಟವರ್ ಲೊಕೇಶನ್ ತಂದುಕೊಡುತ್ತಾನೆ. ಅಲ್ಲಿಗೆ ಕಥೆ ಸಪ್ಪೆ. ಬರೆಯಲೇಬೇಕಾದರೆ ಆ ಸ್ನೇಹಿತ ಅದಕ್ಕೆ ಬೆಲೆ ತೆರಲಿ, ಸಸ್ಪೆಂಡ್ ಆಗಲಿ. ಅಂದಹಾಗೆ ಬೆಟ್ಟದ ಕಡೆ ಒಂದು ಟವರ್ ಎಷ್ಟೋ ದೂರದವರೆಗೆ ಹಬ್ಬಿರುತ್ತದೆ. ಟವರ್ ನೋಡಿ ಇಂಥ ಗೋಡೌನಿನಲ್ಲಿ ಇದ್ದ ಅಂತ ಹೇಳಲು ಬರುವುದಿಲ್ಲ. ಬೆಂಗಳೂರಿನ ಕಥೆಯಿಂದ ಈ ಟ್ರಿಕ್ ಎತ್ತಿಕೊಂಡು ಬರಬೇಡಿ.

ಮದುವೆ ವಿಚಾರಣೆ ಮಾಡುವವಳು

ಬೆಂಗಳೂರಿನ ಏಜೆನ್ಸಿಯೊಂದರಲ್ಲಿ ಕೆಲಸ ಮಾಡಿ, ತಾಯಿಯ ಕಾಯಿಲೆಗೋ ಇನ್ಯಾವುದಕ್ಕೋ ವಿರಾಜಪೇಟೆಗೆ ವಾಪಸ್ ಬಂದವಳು. ಖಾಸಗಿ ಏಜೆನ್ಸಿಗಳಿಗೆ ಅನ್ನ ಹಾಕುವ ಕೆಲಸ ಕೊಲೆಯದಲ್ಲ, ಮದುವೆಯದು. ಹುಡುಗನಿಗೆ ನಿಜಕ್ಕೂ ಕೆಲಸ ಇದೆಯಾ, ಹಿಂದೆ ಮದುವೆ ಆಗಿತ್ತಾ, ಗಂಡ ಯಾರ ಜೊತೆ ಓಡಾಡುತ್ತಾನೆ ಅನ್ನುವಂಥದ್ದು.

ಕೊಡವರಲ್ಲಿ ಈ ಕೆಲಸ ಮೊದಲು ಅರುವನದು. ತನ್ನ ಕಡೆಯ ಒಕ್ಕದ (ಒಂದೇ ಮೂಲದ ಕುಟುಂಬದ) ಪರವಾಗಿ ಮಾತಾಡುವ, ಸಂಬಂಧಕ್ಕೆ ಹೊಣೆ ನಿಲ್ಲುವ ಹಿರಿಯ. ಹುಡುಗ ಟೊರೊಂಟೊದಲ್ಲಿದ್ದರೆ ಅರುವ ಏನು ವಿಚಾರಿಸಿಯಾನು? ಆಗ ಇವಳಿಗೆ ಕರೆ ಬರುತ್ತದೆ, ಗುಟ್ಟಾಗಿ. ಅರುವನನ್ನು ನಂಬಲಿಲ್ಲ ಅಂತ ಗೊತ್ತಾದರೆ ಎರಡೂ ಮನೆಯಲ್ಲಿ ರಂಪ. ಹೀಗೆ ಇವಳ ಕೆಲಸವೇ ಯಾರದೋ ಮರ್ಯಾದೆಗೆ ಕೈ ಹಾಕುವಂಥದ್ದು.

ಇವಳ ಕೈಯಲ್ಲಿರುವ ಆಯುಧ ರೆಕಾರ್ಡಿಂಗ್. ಗಂಡ ಹೆಂಡತಿಯ ಫೋನ್ ಮಾತನ್ನು ಒಬ್ಬರು ಗುಟ್ಟಾಗಿ ರೆಕಾರ್ಡ್ ಮಾಡಿದ್ದರೂ ಡೈವೋರ್ಸ್ ಕೇಸಿನಲ್ಲಿ ಅದನ್ನು ಸಾಕ್ಷ್ಯವಾಗಿ ನೋಡಬಹುದು ಅಂತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿದ್ದೂ ಅದೇ ಕೋರ್ಟು. ಈ ಎರಡು ತೀರ್ಪುಗಳ ನಡುವೆಯೇ ಇವಳ ಹೊಟ್ಟೆಪಾಡು. ಹೆಂಡತಿಯ ಕೈಗೆ ರೆಕಾರ್ಡರ್ ಕೊಟ್ಟು ಏನು ಕೇಳಬೇಕು ಅಂತ ಹೇಳಿಕೊಡುವವಳು ಇವಳೇ. ಅದು ನ್ಯಾಯವಾ? ಹೊಡೆಸಿಕೊಳ್ಳುತ್ತಿರುವ ಹೆಂಡತಿಗಾದರೆ ಹೌದು ಅನ್ನುತ್ತೀರಿ. ನಾಳೆ ಅದೇ ಫೀಸಿಗೆ ಹೊಡೆಯುವ ಗಂಡನೂ ಬರುತ್ತಾನೆ ಅಲ್ವಾ.

ನಮ್ಮ ಕಥೆಯಲ್ಲಿ ಇವಳ ದಾರಿ ಬೇರೆ. ಗಂಡಸರು ಯಾರೂ ಹೋಗಲಾಗದ ಲೈನ್ ಮನೆಯ ಹಿತ್ತಲಿಗೆ ಇವಳು ಹೋಗಿ ಕೂರಬಲ್ಲಳು. ಹುಡುಗಿ ಬಾಯಿ ಬಿಟ್ಟರೆ ಇವಳ ಹತ್ತಿರ ಮಾತ್ರ. ಆ ಮಾತನ್ನು ಇವಳು ಅಭ್ಯಾಸಬಲದಿಂದ ರೆಕಾರ್ಡ್ ಮಾಡಿಕೊಂಡಿರುತ್ತಾಳೆ. ಮನೆಗೆ ಬಂದ ಮೇಲೆ ಆ ಫೈಲ್ ಅಳಿಸಿದರೆ ಸಾಕ್ಷ್ಯ ನಾಶ, ಇಟ್ಟುಕೊಂಡರೆ ಹುಡುಗಿಗೆ ಕುಣಿಕೆ. ಯಾವ ಪುಟದಲ್ಲಿ ಬೆರಳು ಆ ಬಟನ್ ಮೇಲೆ ಹೋಗುತ್ತದೆ ಅನ್ನುವುದಕ್ಕಾಗಿ ಓದುಗರು ಕಾಯುತ್ತಾರೆ.

ಕಥೆ ಹೆಂಗಸರ ಸುತ್ತ ಇದ್ದರೆ ಬೇರೆ ಯೋಚನೆ ಬೇಡ, ಇವಳನ್ನೇ ಆರಿಸಿ.

ತೋಟದ ರೈಟರ್

ಕಾಫಿ ತೋಟ ಗೊತ್ತಿಲ್ಲದವರಿಗೆ: ರೈಟರ್ ಅಂದರೆ ಚೆಕ್‌ರೋಲ್ ಬರೆಯುವವನು. ಯಾರು ಕೆಲಸಕ್ಕೆ ಬಂದರು, ಎಷ್ಟು ಕಿಲೋ ಕೊಯ್ದರು, ಯಾರಿಗೆ ಎಷ್ಟು ಅಡ್ವಾನ್ಸ್, ಕಣದಲ್ಲಿ ಎಷ್ಟು ಚೆರಿ ಹರಡಿದೆ, ಗೋಡೌನಿನಲ್ಲಿ ಎಷ್ಟು ಮೂಟೆ. ಮೇಲೆ ಓನರ್, ಕೆಳಗೆ ಮೇಸ್ತ್ರಿ ಮತ್ತು ಆಳುಗಳು, ನಡುವೆ ಇವನು. ಎರಡೂ ಕಡೆಯ ಬೈಗುಳ ಇವನಿಗೇ.

ಇವನು ಪತ್ತೇದಾರನಲ್ಲ, ಸರಿ. ಆದರೆ 2024ರಿಂದೀಚೆಗೆ ರೋಬಸ್ಟಾ ಬೆಲೆ ಏರಿದ ರೀತಿ ನೋಡಿದರೆ ಕಣದ ಕಾಫಿಗೆ ರಾತ್ರಿ ಕಾವಲು ಹಾಕಬೇಕಾಗಿದೆ. ಕಳುವಾದ ಮೂಟೆ ಹುಡುಕಿಕೊಡುವ ಕೆಲಸ ಸುತ್ತಲಿನ ನಾಲ್ಕು ತೋಟದವರು ಇವನಿಗೇ ಕೊಡುತ್ತಾರೆ ಅಂತ ಶುರು ಮಾಡಿ. ಯಾವ ವ್ಯಾಪಾರಿ ಪ್ರಶ್ನೆ ಕೇಳದೆ ಕಾಫಿ ತೂಗುತ್ತಾನೆ, ಯಾವ ಜೀಪು ರಾತ್ರಿ ಓಡಾಡಿತು, ಯಾರ ಅಡ್ವಾನ್ಸ್ ಇದ್ದಕ್ಕಿದ್ದಂತೆ ತೀರಿತು, ಇದೆಲ್ಲ ಇವನ ಬಾಯಲ್ಲಿದೆ. ಲೈಸೆನ್ಸ್ ಬೇಡದ ದೇಶದಲ್ಲಿ ಪತ್ತೇದಾರನಾಗಲು ಇನ್ನೇನು ಬೇಕು?

ಹಂಗಿನ ಲೆಕ್ಕದಲ್ಲಿ ಇವನನ್ನು ಮೀರಿಸುವವರಿಲ್ಲ. ಇರುವ ಮನೆ ತೋಟದ್ದು. ಮಗಳ ಕಾಲೇಜಿನ ಫೀಸು ಓನರ್ ಕಟ್ಟಿದ್ದು. ಆ ಓನರೇ ಸತ್ತವರು. ಅವರ ಗುಣ ಇವನಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಯಾರ ಹೆಸರನ್ನು ಬೇಕೆಂದೇ ಗೋಡೌನ್ ಕೆಲಸಕ್ಕೆ ಹಾಕಲಾಗುತ್ತಿತ್ತು ಅನ್ನುವುದು ಇವನ ಕೈಬರಹದ ಚೆಕ್‌ರೋಲಿನಲ್ಲೇ ಇದೆ. ಹಾಗಾಗಿ ಎರಡನೆಯ ಗುಂಡು ಹೊಡೆದದ್ದು ಇವನೇ ಆಗಿದ್ದರೆ ನನಗೆ ಆಶ್ಚರ್ಯವಿಲ್ಲ. ಹುಡುಗಿಯನ್ನು ಕಳಿಸಿ, ಸಾವಿನ ಗುಂಡು ಅಂತ ಊರು ಅಂದುಕೊಳ್ಳಲಿ ಅಂತ ಹೊಡೆದ. ಆಮೇಲೆ ತಮ್ಮನ ಮಗನೇ ಬಂದು 'ರೈಟ್ರೇ, ಇದು ಯಾರ ಕೆಲಸ ಅಂತ ನೀವೇ ಪತ್ತೆ ಮಾಡಿಕೊಡಬೇಕು' ಅನ್ನುತ್ತಾನೆ.

ಪತ್ತೇದಾರನೇ ಭಾಗಿಯಾದ ಕಥೆ ಬರೆಯುವುದು ಕಷ್ಟ. ಅವನ ಬಾಯಲ್ಲೇ ಕಥೆ ಹೇಳಿಸಿದರೆ ಓದುಗರಿಗೆ ಮುಚ್ಚಿಟ್ಟ ಹಾಗೆ ಆಗುತ್ತದೆ, ಕೊನೆಗೆ ಮೋಸ ಅನ್ನಿಸುತ್ತದೆ. ಮೂರನೆಯವರ ಬಾಯಲ್ಲಿ ಹೇಳಿ. ಇಲ್ಲವೇ ಮೊದಲ ಅಧ್ಯಾಯದಲ್ಲೇ ಗುಂಡು ಹೊಡೆದದ್ದನ್ನು ತೋರಿಸಿ, ಯಾಕೆ ಅನ್ನುವುದನ್ನು ಮಾತ್ರ ಹಿಡಿದಿಡಿ. ಎರಡನೆಯದು ನನಗೆ ಜಾಸ್ತಿ ಇಷ್ಟ. ಒಂದು ಎಚ್ಚರಿಕೆ: ಇವನು ಒಂದೇ ಕಾದಂಬರಿಗೆ ಆಗುವವನು. ಎರಡನೆಯದಕ್ಕೆ ಇವನಲ್ಲಿ ಏನೂ ಉಳಿದಿರುವುದಿಲ್ಲ.

ವಕೀಲರ ಗುಮಾಸ್ತ

ಒಬ್ಬನನ್ನೇ ಆರಿಸು ಅಂದರೆ ನನ್ನ ವೋಟು ಇವನಿಗೆ.

ಮಡಿಕೇರಿ ಕೋರ್ಟಿನಲ್ಲಿ ಮೂವತ್ತು ವರ್ಷ ಕೇಸ್ ಕಟ್ಟು ಹೊತ್ತವನು. ವಕಾಲತ್ತಿಗೆ ಸಹಿ ಹಾಕಿಸುವುದು, ನಕಲು ತೆಗೆಸುವುದು, ವಾಯಿದೆ ಬರೆದುಕೊಳ್ಳುವುದು, ಸಾಕ್ಷಿಗಳನ್ನು ಬಸ್ ಹತ್ತಿಸಿ ಕರೆತರುವುದು. ವಕೀಲರು ಬದಲಾಗುತ್ತಾರೆ, ಗುಮಾಸ್ತ ಅಲ್ಲೇ ಇರುತ್ತಾನೆ. ಯಾವ ಒಕ್ಕದಲ್ಲಿ ಯಾರಿಗೆ ಯಾರ ಮೇಲೆ ಪಾಲಿನ ದಾವೆ ಇದೆ ಅಂತ ಅವನಿಗೆ ಬಾಯಿಪಾಠ.

ಕೊಡಗಿನಲ್ಲಿ ಜಮೀನಿನ ಕಥೆ ಅಂದರೆ ಸುಮ್ನೆ ಅಲ್ಲ. ಜಮ್ಮಾ ಜಮೀನು ಒಕ್ಕದ್ದು. ಪಹಣಿಯಲ್ಲಿ ಪಟ್ಟೇದಾರನ (ಒಕ್ಕದ ಹಿರಿಯನ) ಹೆಸರು, ಹಿಂದೆ ಎಷ್ಟೋ ಜನ ಪಾಲುದಾರರು. ಬಾಣೆ (ಗದ್ದೆಗೆ ಸೇರಿದ ಗುಡ್ಡದ ಜಾಗ) ಯಾರದು, ಮರ ಯಾರದು, ಯಾರು ಮಾರಬಹುದು ಅನ್ನುವ ಜಗಳ ಹೈಕೋರ್ಟಿನವರೆಗೆ ಹೋಗಿ ಬಂದಿದೆ, ಕಾನೂನು ತಿದ್ದುಪಡಿಯೂ ಆಗಿದೆ. ಕೊಲೆಗೆ ಕಾರಣ ಹುಡುಕುವವರು ಬೇರೆಲ್ಲೂ ಹೋಗಬೇಕಿಲ್ಲ. ಗುಮಾಸ್ತನ ಅಲಮಾರಿಯ ಮೇಲಿನ ಧೂಳು ಹೊಡೆದರೆ ಸಾಕು.

ನಮ್ಮ ಕಥೆಯಲ್ಲಿ ಅವನು ಹೀಗೆ ಬರುತ್ತಾನೆ. ಸತ್ತವರ ತಂಗಿ ದಾವೆ ಹಾಕಿದ್ದಾರೆ. ಕೊಲೆ ಮಾಡಿದವನಿಗೆ ಸತ್ತವರ ಆಸ್ತಿ ಬರುವುದಿಲ್ಲ ಅಂತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಸೆಕ್ಷನ್ ಹೇಳುತ್ತದೆ. ಅಣ್ಣನನ್ನು ಕೊಂದದ್ದು ತಮ್ಮನ ಮಗನೇ, ಅವನಿಗೆ ಪಾಲು ಕೊಡಬಾರದು ಅನ್ನುವುದು ಅವರ ವಾದ. ತಮ್ಮನ ಮಗ ನಮ್ಮ ಗುಮಾಸ್ತನ ವಕೀಲರ ಕಕ್ಷಿದಾರ. 'ನಿಜ ಏನು ಅಂತ ಸ್ವಲ್ಪ ವಿಚಾರಿಸಿ ಬಾರಯ್ಯ' ಅಂತ ವಕೀಲರು ಕಳಿಸುತ್ತಾರೆ. ಫೀಸು ಇಲ್ಲ, ಬಸ್ ಚಾರ್ಜು, ಊಟ, ಅಷ್ಟೇ.

ಕಕ್ಷಿದಾರ ತನ್ನ ವಕೀಲರಿಗೆ ಹೇಳಿದ ಮಾತನ್ನು ಅವನ ಒಪ್ಪಿಗೆ ಇಲ್ಲದೆ ಬಯಲು ಮಾಡುವಂತಿಲ್ಲ. ಈ ರಕ್ಷಣೆ ಗುಮಾಸ್ತರಿಗೂ ಅನ್ವಯಿಸುತ್ತದೆ. ಮುಂದೆ ಮಾಡಲಿರುವ ಅಪರಾಧಕ್ಕಾಗಿ ಹೇಳಿದ ಮಾತಿಗೆ ಮಾತ್ರ ಇಲ್ಲ. ಈ ಪಟ್ಟಿಯಲ್ಲಿರುವ ಆರು ಜನರಲ್ಲಿ ಕಾನೂನೇ ಬಾಯಿ ಮುಚ್ಚಿಕೊಂಡಿರು ಅಂತ ಹೇಳುವುದು ಇವನೊಬ್ಬನಿಗೆ. ಆದರೆ ನಿಜ ಹೇಳಿದ್ದು ಕಕ್ಷಿದಾರನಲ್ಲ, ಲೈನ್ ಮನೆಯ ಹುಡುಗಿ. ಅವಳ ಮಾತಿಗೆ ಆ ರಕ್ಷಣೆ ಇಲ್ಲ. ಅವಳನ್ನೂ ಕಕ್ಷಿದಾರಳನ್ನಾಗಿ ಮಾಡಿಕೊಂಡರೆ? ವಕೀಲರು ಒಪ್ಪುವಂತಿಲ್ಲ. ಅವಳನ್ನು ಉಳಿಸಿದರೆ ತಮ್ಮನ ಮಗನಿಗೆ ಮೋಸ, ತಮ್ಮನ ಮಗನನ್ನು ಉಳಿಸಲು ಅವಳನ್ನು ಕಟಕಟೆಗೆ ಹತ್ತಿಸಬೇಕು.

ಮೂವತ್ತು ವರ್ಷ ಕೋರ್ಟ್ ನೋಡಿದವನಿಗೆ ಇನ್ನೊಂದೂ ಗೊತ್ತಿರುತ್ತದೆ. ಅತ್ಯಾಚಾರ ಮಾಡಲು ಬಂದವನಿಂದ ತಪ್ಪಿಸಿಕೊಳ್ಳುವಾಗ ಅವನ ಪ್ರಾಣ ಹೋದರೂ ಅದು ಆತ್ಮರಕ್ಷಣೆ. ಐಪಿಸಿಯ ಬದಲಿಗೆ ಬಂದ ನ್ಯಾಯ ಸಂಹಿತೆಯ 38ನೇ ಸೆಕ್ಷನ್ ಹಾಗೆ ಹೇಳುತ್ತದೆ. ಅಂದರೆ ಹುಡುಗಿ ಕಾನೂನಿನ ಪ್ರಕಾರ ತಪ್ಪಿತಸ್ಥೆಯೇ ಅಲ್ಲದಿರಬಹುದು. ಅದನ್ನು ಕೋರ್ಟು ಹೇಳುವ ಹೊತ್ತಿಗೆ ಎಷ್ಟು ವಾಯಿದೆ ಆಗಿರುತ್ತದೆ, ಅಷ್ಟರಲ್ಲಿ ಅವಳು ಎಲ್ಲಿರುತ್ತಾಳೆ, ಸಾಕ್ಷಿ ಹೇಳಬೇಕಾದ ಲೈನ್ ಮನೆಯವರು ಯಾವ ರಾಜ್ಯಕ್ಕೆ ವಾಪಸ್ ಹೋಗಿರುತ್ತಾರೆ ಅನ್ನುವುದೂ ಅವನಿಗೆ ಗೊತ್ತು. ಕಾನೂನು ಕಾಪಾಡುತ್ತೆ ಅಂತ ಅವಳಿಗೆ ಹೇಳಿದರೆ ಅದು ನಿಜ. ಅದನ್ನು ನಂಬಿ ಅವಳು ಹೊರಟರೆ ಏನಾಗುತ್ತೆ ಅನ್ನುವುದೂ ನಿಜ. ಬೇರೆ ಪತ್ತೇದಾರರಿಗೆ ಸತ್ಯ ಮತ್ತು ಸುಳ್ಳಿನ ನಡುವೆ ಆಯ್ಕೆ. ಇವನಿಗೆ ಎರಡು ನಿಜಗಳ ನಡುವೆ.

ಅವನನ್ನು ದೇವರಂಥವನನ್ನಾಗಿ ಮಾಡಬೇಡಿ. ನಕಲು ಬೇಗ ಕೊಡಿಸಲು ಕೈ ಬೆಚ್ಚಗೆ ಮಾಡಿಸಿಕೊಳ್ಳಲಿ. ಒಂದೇ ಸುದ್ದಿಯನ್ನು ಎರಡೂ ಪಾರ್ಟಿಗೆ ಮಾರಿದ ಹಳೆಯ ಕಥೆ ಇರಲಿ. ಕಿರಿಯ ವಕೀಲರಿಗೆ ಬಹುವಚನ, ಆಳುಮಕ್ಕಳಿಗೆ ಏಕವಚನ ಬಳಸುವ ಚಾಳಿಯೂ ಇರಲಿ. ಹುಡುಗಿಯನ್ನು 'ನೀನು' ಅನ್ನುತ್ತಿದ್ದವನು ಯಾವಾಗ 'ನೀವು' ಅಂದ ಅನ್ನುವುದು ಓದುಗರಿಗೆ ತಾನಾಗಿ ಕಾಣಲಿ, ನೀವು ಎತ್ತಿ ತೋರಿಸಬೇಡಿ.

ಇವನಿಂದ ಆಗದ ಕೆಲಸವೂ ಇದೆ. ಓಡುವುದು, ಹೊಡೆದಾಡುವುದು, ಮಾಕುಟ್ಟದ ಗಡಿ ದಾಟಿ ಕೇರಳದವರೆಗೆ ಬೆನ್ನಟ್ಟುವುದು ಇವನಿಗೆ ಹೇಳಿದ್ದಲ್ಲ. ಅಂಥ ಕಥೆ ನಿಮ್ಮ ತಲೆಯಲ್ಲಿದ್ದರೆ ಹೆಡ್ ಕಾನ್ಸ್‌ಟೇಬಲ್ ಕಡೆಗೇ ಹೋಗಿ. ಸರಣಿ ಬರೆಯುವ ಆಸೆ ಇದ್ದರೆ ಗುಮಾಸ್ತ ಅಥವಾ ಮದುವೆ ವಿಚಾರಣೆಯವಳು. ಇಬ್ಬರ ಹತ್ತಿರವೂ ಜನ ತಾವಾಗಿ ಬರುತ್ತಾರೆ, ಪ್ರತಿ ಸಲ ಹೆಣ ಬೀಳಬೇಕಿಲ್ಲ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ ಒಬ್ಬರ ಕೈಗೇ ವರ್ಷಕ್ಕೆ ಮೂರು ಕೊಲೆ ಬಂದು ಬಿದ್ದರೆ ಯಾರೂ ನಂಬುವುದಿಲ್ಲ.

ಬರೆಯಲು ಕೂರುವ ಮೊದಲು

ಯಾವ ತಿಂಗಳು ಅಂತ ಮೊದಲೇ ನಿರ್ಧರಿಸಿ. ಜೂನ್‌ನಿಂದ ಆಗಸ್ಟ್ ಮಳೆಯಲ್ಲಿ ರಸ್ತೆ ಮುಚ್ಚಿಹೋಗುವುದು, ಕರೆಂಟ್ ಹೋಗುವುದು ಕಥೆಗೆ ಚೆಂದ. ಆದರೆ ತೋಟದಲ್ಲಿ ಜನ ಕಡಿಮೆ. ಜನವರಿ, ಫೆಬ್ರವರಿಯ ಕೊಯ್ಲಿನಲ್ಲಿ ಲೈನ್ ಮನೆ ತುಂಬಿರುತ್ತದೆ, ದುಡ್ಡು ಓಡಾಡುತ್ತಿರುತ್ತದೆ, ಅನುಮಾನ ಪಡಲು ಹತ್ತು ಜನ ಸಿಗುತ್ತಾರೆ. ಮಳೆಯ ಮೋಹಕ್ಕೆ ಬಿದ್ದು ಈ ಲಾಭ ಕಳೆದುಕೊಳ್ಳಬೇಡಿ. 2018ರ ಆಗಸ್ಟ್‌ನ ಭೂಕುಸಿತವನ್ನು ಕಥೆಯ ತಿರುವಿಗೆ ಬಳಸುವವರು ಎರಡು ಸಲ ಯೋಚಿಸಿ. ಮಕ್ಕಂದೂರು, ಜೋಡುಪಾಲದ ಕಡೆ ಮನೆ ಕಳೆದುಕೊಂಡವರು ಇನ್ನೂ ಇದ್ದಾರೆ, ಅವರೂ ಓದುತ್ತಾರೆ.

ಕೊನೆಯದಾಗಿ ಹೆಸರು. ಕೊಡವರಲ್ಲೂ ಅರೆಭಾಷೆ ಗೌಡರಲ್ಲೂ ಮನೆ ಹೆಸರು ಅಂದರೆ ಒಂದು ನಿಜವಾದ ಕುಟುಂಬ, ಐನ್‌ಮನೆ, ನೂರಾರು ಜನ. ಕೊಲೆಗಾರನಿಗೆ ಕೈಗೆ ಸಿಕ್ಕಿದ ಮನೆ ಹೆಸರು ಇಟ್ಟರೆ ಪುಸ್ತಕ ಬಿಡುಗಡೆಗೆ ಅವರೇ ಬರುತ್ತಾರೆ, ಹೂವು ಹಿಡಿದುಕೊಂಡು ಅಲ್ಲ. ಕೇಳಿದರೆ ಇಲ್ಲಿಯದೇ ಅನ್ನಿಸುವ, ಎಲ್ಲೂ ಇಲ್ಲದ ಹೆಸರು ಕಟ್ಟಿಕೊಳ್ಳಿ. ಆಮೇಲೆ ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಒಬ್ಬೊಬ್ಬ ಹಿರಿಯರಿಗೆ ಹಸ್ತಪ್ರತಿ ಓದಲು ಕೊಡಿ. ಮೂವರೂ 'ಇದು ಇಂಥವರ ಮನೆ ಕಥೆ ಅಲ್ವಾ' ಅಂತ ಒಂದೇ ಮನೆಯತ್ತ ಬೆರಳು ತೋರಿಸಿದರೆ ಹೆಸರಿನ ಜೊತೆ ಕಥೆಯನ್ನೂ ಸ್ವಲ್ಪ ಬದಲಾಯಿಸಿ. ಮೂವರೂ ಮೂರು ಮನೆಯ ಹೆಸರು ಹೇಳಿದರೆ ಪ್ರಿಂಟಿಗೆ ಕೊಡಿ.